ಇಂಚಮ್ಮ ಹಾಕದೆ ಬಿಟ್ಟ ಮಾರ್ಕು

ಹೊಲಿಗೆ ತರಬೇತಿ ಶಾಲೆಯಲ್ಲಿ ಅವಳನ್ನು ನಿಜವಾದ ಹೆಸರಿನಿಂದ ಕರೆಯುವವರು ಯಾರೂ ಉಳಿದಿರಲಿಲ್ಲ. ಎದ್ದರೂ ಕೂತರೂ ಕೊರಳಲ್ಲಿ ಅಳತೆ ಟೇಪು, ಬಾಯಿ ಬಿಟ್ಟರೆ ಇಂಚಿನ ಮಾತು. ಹಾಗಾಗಿ ಇಂಚಮ್ಮ. ಮೊದಲು ಹುಡುಗಿಯರು ಬೆನ್ನ ಹಿಂದೆ ಹಾಗೆ ಕರೆದರು, ಆಮೇಲೆ ಮುಖದೆದುರೇ ಬಾಯಿ ತಪ್ಪಿ ಬಂತು, ಕೊನೆಗೆ ಆಫೀಸಿನ ಗುಮಾಸ್ತನೂ ಬಾಗಿಲಲ್ಲಿ ನಿಂತು ಇಂಚಮ್ಮೋರೇ ಅಂತ ಕೂಗತೊಡಗಿದ. ಅವಳೇನೂ ಬೇಸರ ಮಾಡಿಕೊಳ್ಳಲಿಲ್ಲ. ಇಂಚು ಅನ್ನುವುದು ಯಾರ ಮುಲಾಜಿಗೂ ಹಿಗ್ಗುವುದಿಲ್ಲ, ಯಾರ ಹೆದರಿಕೆಗೂ ಕುಗ್ಗುವುದಿಲ್ಲ, ಅಂಥ ಹೆಸರು ಎಷ್ಟು ಜನಕ್ಕೆ ಸಿಗುತ್ತದೆ ಅನ್ನುತ್ತಿದ್ದಳು.

ಅವಳ ಪರೀಕ್ಷೆಯೂ ಹಾಗೇ ಇತ್ತು. ಪ್ರತಿಯೊಬ್ಬರೂ ಮಧ್ಯಮ ಅಳತೆಯ ಒಂದು ಶರ್ಟನ್ನು ಕತ್ತರಿಸುವುದರಿಂದ ಹಿಡಿದು ಗುಂಡಿ ಹಚ್ಚುವವರೆಗೆ ತಾವೇ ಮಾಡಿ ಮುಗಿಸಬೇಕು. ಆ ಶರ್ಟುಗಳನ್ನೆಲ್ಲ ಇಂಚಮ್ಮ ಕಿಟಕಿಯ ಪಕ್ಕದ ಕಬ್ಬಿಣದ ಸರಳಿಗೆ ಸಾಲಾಗಿ ನೇತುಹಾಕುತ್ತಿದ್ದಳು. ದೂರದಿಂದ ಒಮ್ಮೆ, ಹತ್ತಿರದಿಂದ ಒಮ್ಮೆ, ಆಮೇಲೆ ಒಂದೊಂದನ್ನೇ ಇಳಿಸಿ ಒಳಮಗ್ಗುಲು ತಿರುಗಿಸಿ ನೋಡುವುದು. ಬಿಟ್ಟ ದಾರ, ಓಡಿದ ಹೊಲಿಗೆ, ಗುಂಡಿ ತೂರಿಸುವ ಸೊಟ್ಟ ಕಾಜಾ, ಯಾವುದೂ ಆ ಹದ್ದಿನ ಕಣ್ಣಿಗೆ ತಪ್ಪುತ್ತಿರಲಿಲ್ಲ. ನಮ್ಮ ಹುಡುಗಿ ಸ್ವಲ್ಪ ನೋಡ್ಕೊಳ್ಳಿ ಅಂತ ಶಿಫಾರಸು ಹೊತ್ತು ಬಂದವರಿಗೆ ನೀರು ಕೊಟ್ಟು, ಕುಶಲ ವಿಚಾರಿಸಿ, ಬಾಗಿಲು ತೋರಿಸುತ್ತಿದ್ದಳು. ತಲೆ ಮೇಲೆ ತಲೆ ಬಿದ್ದರೂ ಇಂಚಮ್ಮನ ಮಾರ್ಕು ಅಲ್ಲಾಡುವುದಿಲ್ಲ ಅನ್ನುವುದು ಊರಿಗೇ ಗೊತ್ತಿದ್ದ ವಿಷಯ.

ಹೊಲಿಗೆ ಕೋಣೆಯ ಗೋಡೆಗೆ ಒಂದು ಬಿಳಿ ಶರ್ಟು ತೂಗುಹಾಕಿತ್ತು. ಕೆಲಸಕ್ಕೆ ಸೇರಿದ ವರ್ಷ ಅವಳೇ ಹೊಲಿದದ್ದು. ಕಾಲರ್ ಹೇಗಿರಬೇಕು, ತೋಳು ಹೇಗೆ ಕೂರಬೇಕು ಅಂತ ಅನುಮಾನ ಬಂದವರು ಆ ಶರ್ಟಿನ ಮುಂದೆ ಹೋಗಿ ನಿಲ್ಲಬೇಕು. ಭುಜದಿಂದ ಕೆಳಗೆ ಒಂದೇ ಒಂದು ಸುಕ್ಕಿಲ್ಲ, ಕಂಕುಳ ಹತ್ತಿರ ಬಟ್ಟೆ ಹಾಸಿಟ್ಟ ಹಾಗೆ ನುಣ್ಣಗಿತ್ತು. ಇಂಚಮ್ಮನಿಗೆ ಅದರ ಮೇಲೆ ಹೆತ್ತ ಮಗನ ಮೇಲಿದ್ದಷ್ಟೇ ಪ್ರೀತಿ. ನಿಜ ಹೇಳಬೇಕೆಂದರೆ ಒಂದು ಗುಲಗಂಜಿ ಹೆಚ್ಚೇ ಇತ್ತೇನೋ, ಯಾಕೆಂದರೆ ಶರ್ಟು ಹಾಕಿದಲ್ಲೇ ಇರುತ್ತಿತ್ತು, ಮಗ ಇರುತ್ತಿರಲಿಲ್ಲ.

ಮಗ ಬಸ್ ಕಂಡಕ್ಟರ್. ಅಪ್ಪ ತೀರಿಕೊಂಡ ಮೇಲೆ ಅಮ್ಮನ ಹೊಲಿಗೆ ಯಂತ್ರದ ಸದ್ದಿನಲ್ಲೇ ಬೆಳೆದವನು. ಅವನು ಸ್ಕೂಲಿಗೆ ಹೋಗುವಾಗಿನಿಂದ ಇವತ್ತಿನವರೆಗೆ ಅವನ ಶರ್ಟುಗಳನ್ನು ಇಂಚಮ್ಮನೇ ಹೊಲಿಯಬೇಕು, ಇನ್ನೊಬ್ಬರ ಕೈ ಸೋಕಬಾರದು. ಇಷ್ಟು ಚೆಂದದ ಶರ್ಟು ಹಾಕಿಕೊಂಡು ಹೋದವನು ಸಂಜೆ ಮನೆಗೆ ಬರುವಾಗ ಮಾತ್ರ ಶರ್ಟು ಪ್ಯಾಂಟಿನಿಂದ ಹೊರಗೆ ಬಂದು ಸೊಂಟದ ಸುತ್ತ ಜೋಲಾಡುತ್ತಿರುತ್ತಿತ್ತು. ಆಗ ಮಾಡುತ್ತಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬಂದು, ಶರ್ಟು ಒಳಗೆ ಹಾಕ್ಕೊಳ್ಳೋ ದರಿದ್ರದವನೇ, ನನ್ನ ಮಾನ ತೆಗೀಬೇಡ ಅಂತ ಬೈಯುವುದು ಆ ಮನೆಯ ಸಂಜೆಯ ಪಾಠ. ಮಗ ನಗುತ್ತಾ ಒಳಗೆ ಸಿಕ್ಕಿಸಿಕೊಳ್ಳುತ್ತಿದ್ದ. ಕೈ ಎತ್ತಿ ಬ್ಯಾಗು ಗೂಟಕ್ಕೆ ಹಾಕುವಷ್ಟರಲ್ಲಿ ಮತ್ತೆ ಹೊರಗೆ.

ಇಂಥ ಮನೆಗೆ ಸೊಸೆ ಬಂದಳು. ಗೋಡೆಗೆ ಬಣ್ಣ ಬಳಿಯುವವನ ಮಗಳು. ತವರಿನಲ್ಲಿ ಹಳೆಯ ಕೈಯಂತ್ರ ಇಟ್ಟುಕೊಂಡು ಅಪ್ಪನ ಬಟ್ಟೆಗಳನ್ನೆಲ್ಲ ತಾನೇ ಹೊಲಿಯುತ್ತಿದ್ದವಳು. ಬಸ್ ಡಿಪೋದ ಹಿಂದೆ ಸಮವಸ್ತ್ರ ಹೊಲಿಯುವ ದೊಡ್ಡ ವರ್ಕ್‌ಶಾಪ್ ಇತ್ತು. ಅಲ್ಲಿ ಸೇರಬೇಕು ಅನ್ನುವುದು ಅವಳ ಆಸೆ. ಆದರೆ ತರಬೇತಿ ಶಾಲೆಯ ಸರ್ಟಿಫಿಕೇಟ್ ಇಲ್ಲದವರನ್ನು ಅವರು ಬಾಗಿಲ ಒಳಗೂ ಬಿಡುತ್ತಿರಲಿಲ್ಲ. ಸರಿ, ಅತ್ತೆಯ ಶಾಲೆಗೇ ಸೇರಿದಳು. ಮನೆಯಲ್ಲಿ ಅತ್ತೆ, ಶಾಲೆಯಲ್ಲಿ ಟೀಚರ್ ಅನ್ನಬೇಕೆಂದು ಮೊದಲ ದಿನವೇ ಕಟ್ಟಪ್ಪಣೆಯಾಯಿತು.

ಸೊಸೆಯ ಕೈ ಚುರುಕು, ಕಾಲರ್ ಅಂತೂ ನೋಡುವ ಹಾಗಿರುತ್ತಿತ್ತು. ಕಾಜಾ ಸ್ವಲ್ಪ ಒರಟು. ಎಲ್ಲಕ್ಕಿಂತ ದೊಡ್ಡ ತಕರಾರು ತೋಳಿನದು. ಅವಳು ಹೊಲಿದ ಶರ್ಟನ್ನು ಸರಳಿಗೆ ನೇತುಹಾಕಿದರೆ ಕಂಕುಳ ಕೆಳಗೆ ಎರಡು ಮೂರು ಸುಕ್ಕು ಮೂಡುತ್ತಿದ್ದವು. ಇಂಚಮ್ಮ ಸಿಡಿಮಿಡಿಗೊಳ್ಳುತ್ತಿದ್ದಳು. ಒಮ್ಮೆ ಸೊಸೆ ಬಾಯಿ ತಪ್ಪಿ, ಅಲ್ಲಿ ಬಟ್ಟೆ ಸ್ವಲ್ಪ ಬಿಟ್ರೆ ಕೈ ಆಡುತ್ತೆ ಅತ್ತೆ ಅಂದಳು. ಅತ್ತೆ ಅನ್ನುವ ಮಾತು ಕೇಳಿ ತರಗತಿಯೆಲ್ಲ ಕಿಸಕ್ಕೆಂದಿತು. ಇಲ್ಲಿ ನಾನು ಯಾರ ಅತ್ತೆಯೂ ಅಲ್ಲ, ಗೋಡೆಯ ಮೇಲಿನ ಶರ್ಟು ನೋಡಿ ಕಲಿ ಅಂತ ಇಂಚಮ್ಮ ಗದರಿದಳು. ಸೊಸೆ ಹೂಂ ಅಂದಳು. ಅವಳ ಕತ್ತರಿ ಮಾತ್ರ ಹೂಂ ಅನ್ನಲಿಲ್ಲ, ಅದು ಹೋಗುವ ದಾರಿಯಲ್ಲೇ ಹೋಯಿತು.

ಪರೀಕ್ಷೆ ಬಂತು, ಸೊಸೆ ಎರಡು ಮಾರ್ಕಿನಲ್ಲಿ ಫೇಲಾದಳು.

ಊರು ಎರಡು ಹೋಳಾಯಿತು. ಸೊಸೆ ಅಂತ ನೋಡದೆ ಫೇಲು ಮಾಡಿದಳಲ್ಲ, ಇಂಚಮ್ಮ ಅಂದರೆ ಇಂಚಮ್ಮ ಅಂತ ಅರ್ಧ ಜನ ಹೊಗಳಿದರು. ಮನೆಯಲ್ಲಿ ಕೂತು ತೀರದ ಸೇಡನ್ನು ಶಾಲೆಯಲ್ಲಿ ತೀರಿಸಿಕೊಂಡಳು ಅಂತ ಉಳಿದರ್ಧ ಜನ ಮೂಗು ಮುರಿದರು. ಸೊಸೆ ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. ಎಂದಿನ ಹಾಗೆ ಅತ್ತೆಯ ತಟ್ಟೆಗೆ ಬಡಿಸಿದಳು, ಎಂದಿನ ಹಾಗೆ ಪಕ್ಕದಲ್ಲಿ ಕೂತು ಉಂಡಳು. ಇಂಚಮ್ಮನಿಗೆ ಆ ಮೌನವೇ ತಡೆಯಲಾಗಲಿಲ್ಲ. ಜಗಳವಾಡಿದ್ದರೆ ಎರಡು ಮಾತು ತಿರುಗಿಸಿ ಹಗುರಾಗುತ್ತಿದ್ದಳು.

ಊರಿನ ಮಾತು ಹಾಳಾಗಲಿ. ಅವಳನ್ನು ಕೊರೆಯುತ್ತಿದ್ದದ್ದು ಬೇರೆ. ಅದೇ ಸುಕ್ಕು ಬೇರೊಬ್ಬಳ ಶರ್ಟಿನಲ್ಲಿ ಇದ್ದಿದ್ದರೆ ಅಷ್ಟೇ ಮಾರ್ಕು ಕಳೆಯುತ್ತಿದ್ದೆನಾ? ನಮ್ಮವಳು ಅಂತ ಹೆಚ್ಚು ಹಾಕಿದಳು ಅನ್ನುವ ಮಾತು ಬರಬಾರದೆಂಬ ಭಯಕ್ಕೆ ಪೆನ್ನು ತಾನಾಗಿ ಮುಂದೆ ಹೋಗಿ ಕಳೆದಿತಾ? ಎಷ್ಟು ಯೋಚಿಸಿದರೂ ಉತ್ತರ ಹೊಳೆಯಲಿಲ್ಲ. ಇಷ್ಟು ವರ್ಷ ಸಾವಿರಾರು ಶರ್ಟು ನೋಡಿದವಳಿಗೆ ತನ್ನ ಕೈಯೇ ಅನುಮಾನವಾಯಿತು. ಅವಳಿಗೆ ನಾಚಿಕೆಯಾಯಿತು, ಹೆದರಿಕೆಯೂ ಆಯಿತು.

ಫೇಲಾದವರಿಗೆ ಇನ್ನೊಂದೇ ಅವಕಾಶ. ಅದರಲ್ಲೂ ಹೋದರೆ ಸರ್ಟಿಫಿಕೇಟಿನ ಆಸೆ ಬಿಡಬೇಕು, ಅದು ಶಾಲೆಯ ನಿಯಮ. ಅಷ್ಟರಲ್ಲಿ ವರ್ಕ್‌ಶಾಪಿನಲ್ಲಿ ಒಂದು ಜಾಗ ಖಾಲಿಯಾಗಿ, ಈ ಸಲದ ಫಲಿತಾಂಶದವರೆಗೆ ಕಾಯುತ್ತೇವೆ ಅಂತ ಸೊಸೆಗೆ ಹೇಳಿಕಳಿಸಿದ್ದರು. ಇಂಚಮ್ಮ ನೇರವಾಗಿ ಪ್ರಿನ್ಸಿಪಾಲ್ ಮೇಡಂ ಕೋಣೆಗೆ ಹೋಗಿ, ನನ್ನ ಸೊಸೆಯ ಶರ್ಟಿಗೆ ನಾನು ಮಾರ್ಕು ಹಾಕುವುದಿಲ್ಲ ಅಂದಳು.

ಪ್ರಿನ್ಸಿಪಾಲ್ ಮೇಡಂ ಹೊಸಬರು, ವಯಸ್ಸಿನಲ್ಲಿ ಚಿಕ್ಕವರು, ಯಾವುದಕ್ಕೂ ತಕ್ಷಣ ಪರಿಹಾರ ಹುಡುಕುವ ಸ್ವಭಾವ. ಅಷ್ಟೇ ತಾನೇ, ಹೆಸರಿನ ಬದಲು ನಂಬರಿನ ಚೀಟಿ ಹೊಲಿಸೋಣ, ಯಾರ ಶರ್ಟು ಅಂತ ನಿಮಗೆ ಗೊತ್ತಾಗುವುದೇ ಇಲ್ಲ ಅಂದರು. ಪರೀಕ್ಷಿಸಿ ನೋಡೋಣವೆಂದು ಬೀರುವಿನಲ್ಲಿದ್ದ ಹಿಂದಿನ ಪರೀಕ್ಷೆಯ ಶರ್ಟುಗಳಿಗೆ ತಾವೇ ಕೂತು ನಂಬರು ಹಚ್ಚಿ ಮೇಜಿನ ಮೇಲೆ ರಾಶಿ ಹಾಕಿದರು. ಇಂಚಮ್ಮ ಒಂದೊಂದರ ಹೊಲಿಗೆಯ ತುದಿಯನ್ನು ಬೆರಳಲ್ಲಿ ಸವರುತ್ತಾ ಹೋದಳು. ಇದು ಬಾಯಿಬಡುಕಿಯದು, ದಾರ ಮೂರು ಸಲ ಹಿಂದೆ ಓಡಿಸುತ್ತಾಳೆ. ಇದು ಎಡಗೈಯವಳದು. ಇದನ್ನು ಹೊಲಿದವಳಿಗೆ ಕಫ್ ಅಂದರೆ ಯಾವಾಗಲೂ ಅವಸರ. ಇದು ನಮ್ಮನೆಯದು. ರಾಶಿ ಮುಗಿಯಿತು, ಒಂದೂ ತಪ್ಪಲಿಲ್ಲ. ಕಲಿಸಿದವಳಿಗೆ ಕೈ ಗೊತ್ತಿಲ್ಲದೆ ಇರುತ್ತದೆಯೇ? ಪ್ರಿನ್ಸಿಪಾಲ್ ಮೇಡಂ ಸೂಜಿ ಚುಚ್ಚಿಸಿಕೊಂಡಿದ್ದ ತಮ್ಮ ಬೆರಳನ್ನು ನೋಡಿಕೊಂಡು ನಿಟ್ಟುಸಿರು ಬಿಟ್ಟರು.

ಉಳಿದದ್ದು ಒಂದೇ ದಾರಿ. ಹೊಳೆಯ ಆಚೆದಡದಲ್ಲಿ ಇಂಥದೇ ಇನ್ನೊಂದು ಶಾಲೆ ಇತ್ತು. ಅಲ್ಲಿನ ಶರ್ಟುಗಳನ್ನು ಇಂಚಮ್ಮ ನೋಡುವುದು, ಇಲ್ಲಿನವನ್ನು ಅಲ್ಲಿನ ಮಾಸ್ಟರ್ ನೋಡುವುದು. ಮಾತು ಕಿವಿಗೆ ಬಿದ್ದದ್ದೇ ಇಂಚಮ್ಮ ಉರಿದುಬಿದ್ದಳು. ಆ ಮಾಸ್ಟರ್ ಮಾರ್ಕು ಕೊಡುವುದಲ್ಲ, ಎರಚುವುದು, ಅವರ ಕೈಯಲ್ಲಿ ಫೇಲಾಗಬೇಕಾದರೆ ಶರ್ಟಿಗೆ ಮೂರು ತೋಳಿರಬೇಕು ಅಂದಳು. ಆಚೆದಡದವರು ಏನು ಕಡಿಮೆ? ಆ ಇಂಚಮ್ಮನ ಕೈಗೆ ನಮ್ಮ ಮಕ್ಕಳನ್ನು ಕೊಡುವ ಬದಲು ಹೊಳೆಗೇ ನೂಕಬಹುದಲ್ಲ ಅಂತ ಮಾಸ್ಟರ್ ಹೇಳಿದರಂತೆ. ಪ್ರಿನ್ಸಿಪಾಲ್ ಮೇಡಂ ಇಬ್ಬರ ಮಾತನ್ನೂ ಹೊಟ್ಟೆಗೆ ಹಾಕಿಕೊಂಡು, ಮೊದಲು ಇಬ್ಬರೂ ಒಂದು ಕಡೆ ಕೂತು ಒಂದೇ ಶರ್ಟುಗಳಿಗೆ ಬೇರೆ ಬೇರೆಯಾಗಿ ಮಾರ್ಕು ಹಾಕಿ ನೋಡಿ ಅಂದರು.

ಹಾಗೆ ಒಂದು ಬೆಳಿಗ್ಗೆ ಮಾಸ್ಟರ್ ಸೇತುವೆ ದಾಟಿ ಬಂದರು. ಕಡ್ಡಿಯಂಥ ಮನುಷ್ಯ, ನಡೆದರೆ ಹ್ಯಾಂಗರೇ ಎದ್ದು ಬಂದ ಹಾಗೆ. ಮೇಜಿನ ಮೇಲೆ ನಾಲ್ಕು ಶರ್ಟುಗಳಿದ್ದವು. ಎರಡನ್ನು ಮಾಸ್ಟರ್ ತಂದಿದ್ದರು. ಒಂದನ್ನು ಪ್ರಿನ್ಸಿಪಾಲ್ ಮೇಡಂ ಬೀರುವಿನಿಂದ ಕೈಗೆ ಸಿಕ್ಕಿದ್ದು ತೆಗೆದಿಟ್ಟಿದ್ದರು. ಸಿಕ್ಕಿದ್ದು ಸೊಸೆಯ ಫೇಲಾದ ಶರ್ಟು ಅಂತ ಇಂಚಮ್ಮನಿಗೆ ದೂರದಿಂದಲೇ ಗೊತ್ತಾಯಿತು, ಬಾಯಿ ಬಿಡಲಿಲ್ಲ. ನಾಲ್ಕನೆಯದು ಗೋಡೆಯ ಮೇಲಿನ ಬಿಳಿ ಶರ್ಟು. ಅದನ್ನು ಇಳಿಸಿ ತಂದವಳು ಇಂಚಮ್ಮನೇ. ಪೂರ್ತಿ ಮಾರ್ಕು ಅಂದರೆ ಏನು ಅಂತ ಆಚೆದಡಕ್ಕೂ ಗೊತ್ತಾಗಲಿ ಅನ್ನುವುದು ಅವಳ ಒಳಗಿನ ಲೆಕ್ಕ. ಯಾರು ಹೊಲಿದದ್ದು ಅಂತ ಹೇಳಲಿಲ್ಲ.

ಇಬ್ಬರೂ ಬೇರೆ ಬೇರೆ ಮೂಲೆಯಲ್ಲಿ ನೋಡಿ ಮುಗಿಸಿದರು. ಪ್ರಿನ್ಸಿಪಾಲ್ ಮೇಡಂ ಇಬ್ಬರ ಮಾರ್ಕನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ತಲೆ ಮೇಲೆ ಕೈ ಹೊತ್ತರು. ಇಂಚಮ್ಮ ಫೇಲು ಮಾಡಿದ ಮೂರನ್ನೂ ಮಾಸ್ಟರ್ ಪಾಸು ಮಾಡಿದ್ದರು. ಇಂಚಮ್ಮ ತುಂಬು ಮಾರ್ಕು ಕೊಟ್ಟಿದ್ದ ಬಿಳಿ ಶರ್ಟು ಮಾಸ್ಟರ್ ಕೈಯಲ್ಲಿ ಎಲ್ಲಕ್ಕಿಂತ ಕೆಳಗಿತ್ತು.

ಇಂಚಮ್ಮನ ಮೈಯೆಲ್ಲ ಉರಿಯಿತು. ಯಾಕೆ ಅಂತ ಕೇಳಿದಳು. ಮಾಸ್ಟರ್ ತಮ್ಮ ಶರ್ಟು ಬಿಚ್ಚಿದರು. ತಾವು ಹಾಕಿಕೊಂಡಿದ್ದ ಬನಿಯನ್ ಮೇಲೆ ಬಿಳಿ ಶರ್ಟು ತೊಟ್ಟು, ಗುಂಡಿ ಹಾಕಿ, ಅಂಚನ್ನು ಪ್ಯಾಂಟಿನೊಳಗೆ ಸಿಕ್ಕಿಸಿ, ಎರಡೂ ಕೈ ಮೇಲೆತ್ತಿದರು. ಶರ್ಟು ಬುಡಸಮೇತ ಮೇಲೆದ್ದು ಬಂತು, ಬನಿಯನ್ ಕಂಡಿತು.

"ಚೆಂದಕ್ಕೇನೂ ಕಮ್ಮಿ ಇಲ್ಲಮ್ಮ," ಅಂದರು ಮಾಸ್ಟರ್. "ಕಂಕುಳು ಆಳ, ತೋಳಿನ ತಲೆ ಎತ್ತರ. ಗೂಟಕ್ಕೆ ಹಾಕಿದ್ರೆ ಒಂದು ಸುಕ್ಕಿಲ್ಲ. ಆದ್ರೆ ಗೂಟ ಕೈ ಎತ್ತಲ್ಲ, ಮನುಷ್ಯ ಎತ್ತುತ್ತಾನೆ."

ಆಮೇಲೆ ಅದನ್ನು ತೆಗೆದಿಟ್ಟು ಸೊಸೆಯ ಶರ್ಟು ತೊಟ್ಟರು. ಕೈ ಎತ್ತಿದರು, ಬಗ್ಗಿದರು, ಮೇಲಿನ ಅಟ್ಟಣಿಗೆಯಿಂದ ದಾರದ ಉಂಡೆ ತೆಗೆದರು. ಶರ್ಟಿನ ಅಂಚು ಸಿಕ್ಕಿಸಿದ ಜಾಗದಿಂದ ಕದಲಲಿಲ್ಲ. ಯಾರು ಹೊಲಿದರೋ ಗೊತ್ತಿಲ್ಲ, ಕೆಲಸ ಮಾಡುವವರ ಮೈ ಗೊತ್ತಿರುವವರು ಹೊಲಿದಿದ್ದಾರೆ, ಕಾಜಾ ಮಾತ್ರ ದೇವರಿಗೇ ಪ್ರೀತಿ ಅಂದರು.

ಇಂಚಮ್ಮ ಸುಮ್ಮನೆ ಬಿಡುವವಳೇ? ಮಾಸ್ಟರ್ ತಂದಿದ್ದ ಎರಡು ಶರ್ಟನ್ನೂ ಒಳಮಗ್ಗುಲು ತಿರುಗಿಸಿ ಅವರ ಮೂಗಿನ ಮುಂದೆ ಹಿಡಿದಳು. ಒಳಗೆ ಬಿಟ್ಟ ದಾರಗಳು ಗಡ್ಡದ ಹಾಗೆ ಜೋತಾಡುತ್ತಿದ್ದವು, ಪಕ್ಕದ ಹೊಲಿಗೆಗೆ ಬಟ್ಟೆ ಬಿಟ್ಟಿದ್ದೇ ಇಷ್ಟೇ ಇಷ್ಟು. ಎರಡು ಸಲ ಒಗೆದ ಮೇಲೆ ನಿಮ್ಮ ಮನುಷ್ಯ ಕೈ ಎತ್ತಿದರೆ ಹೊಲಿಗೆ ಬಿಟ್ಟು ಮರ್ಯಾದೆಯೇ ಹೋಗುತ್ತದೆ ಅಂದಳು. ಮಾಸ್ಟರ್ ಹತ್ತಿರದಿಂದ ನೋಡಿ, ಬೆರಳಿಟ್ಟು ಎಳೆದು, ಕಿವಿ ಕೆರೆದುಕೊಂಡರು. ಹೌದಲ್ಲ, ನಾನು ಒಳಗೆ ನೋಡೋದೇ ಇಲ್ಲ ನೋಡಿ ಅಂತ ಒಪ್ಪಿಕೊಂಡರು. ಅಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತಾರೆ ಅಂತ ಇಂಚಮ್ಮ ಎಣಿಸಿರಲಿಲ್ಲ. ಅವಳ ಸಿಟ್ಟಿಗೆ ನಿಲ್ಲಲು ಜಾಗವೇ ಇಲ್ಲದ ಹಾಗಾಯಿತು.

ಸಂಜೆ ಮಗ ಮನೆಗೆ ಬಂದ. ಎಂದಿನ ಹಾಗೆ ಶರ್ಟು ಹೊರಗೆ. ಇಂಚಮ್ಮ ಎಂದಿನ ಹಾಗೆ ಬಾಗಿಲಿಗೆ ಬಂದಳು. ಮಗ ನಗುತ್ತಾ ಶರ್ಟನ್ನು ಒಳಗೆ ಸಿಕ್ಕಿಸಿಕೊಂಡ, ಕೈ ಎತ್ತಿ ಬ್ಯಾಗು ಗೂಟಕ್ಕೆ ಹಾಕಿದ. ಶರ್ಟು ಬುಡಸಮೇತ ಮೇಲೆದ್ದು ಬಂತು. ಇಂಚಮ್ಮನಿಗೆ ಮಾಸ್ಟರ್ ಎತ್ತಿದ ಕೈ ನೆನಪಾಯಿತು. ದಿನವಿಡೀ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯುವವನು, ಗಂಟೆಯ ಹಗ್ಗ ಎಳೆಯುವವನು. ಅದಕ್ಕೂ ಮೊದಲು ತರಗತಿಯಲ್ಲಿ ಉತ್ತರ ಗೊತ್ತಿದ್ದಾಗಲೆಲ್ಲ ಕೈ ಎತ್ತುತ್ತಿದ್ದವನು. ಬೈಗುಳ ಬರಲಿಲ್ಲವೆಂದು ಮಗನಿಗೇ ಗಾಬರಿಯಾಗಿ, ಹುಷಾರಿಲ್ವೇನಮ್ಮ ಅಂತ ಹಣೆ ಮುಟ್ಟಿ ನೋಡಿದ. ತಲೆನೋವು ಅಂತ ಹೇಳಿ ಇಂಚಮ್ಮ ಹಿತ್ತಲಿಗೆ ಹೋಗಿ ನಿಂತಳು.

ಈಗ ಅವಳ ಸಂಕಟ ಇಮ್ಮಡಿಯಾಯಿತು. ಕೈ ಎತ್ತಿ ನೋಡುವುದನ್ನು ಪರೀಕ್ಷೆಗೆ ಸೇರಿಸಿದರೆ ಸೊಸೆ ಗೆಲ್ಲುತ್ತಾಳೆ, ಮೊದಲು ಫೇಲು ಮಾಡಿ ಈಗ ಅವಳಿಗಾಗಿ ನಿಯಮವನ್ನೇ ತಿರುಗಿಸಿದಳು ಅಂತ ಊರು ಬಾಯಿಗೆ ಬಂದ ಹಾಗೆ ಆಡುತ್ತದೆ. ಸೇರಿಸದಿದ್ದರೆ ತಪ್ಪು ಅಂತ ಗೊತ್ತಿದ್ದೂ ತಪ್ಪಿಗೇ ಮಾರ್ಕು ಕೊಟ್ಟ ಹಾಗಾಗುತ್ತದೆ. ಹೆಸರು ಉಳಿಯುತ್ತದೆ, ಕೆಲಸ ಕೆಡುತ್ತದೆ. ಇಷ್ಟು ವರ್ಷ ಹೆಸರು ಮತ್ತು ಕೆಲಸ ಎರಡೂ ಒಂದೇ ಅಂದುಕೊಂಡಿದ್ದಳು. ಬೆಳಗಾಗುವಷ್ಟರಲ್ಲಿ ಗಟ್ಟಿ ಮನಸ್ಸು ಮಾಡಿದಳು.

ಹೋದ ಸಲ ಫೇಲಾದವರೂ ಹೊಸಬರೂ ಸೇರಿ ತರಗತಿ ತುಂಬಿತ್ತು. ಇಂಚಮ್ಮ ಬಿಳಿ ಶರ್ಟನ್ನು ಮೇಜಿನ ಮೇಲಿಟ್ಟು, ಈ ಶರ್ಟಿನ ತೋಳು ತಪ್ಪು, ನಾನು ನಿಮಗೆಲ್ಲ ಕಲಿಸಿದ ತೋಳೂ ತಪ್ಪು ಅಂತ ಹೇಳಿದಳು. ಮುಂದಿನ ಪರೀಕ್ಷೆಯಲ್ಲಿ ಶರ್ಟನ್ನು ತೊಟ್ಟು ಕೈ ಎತ್ತಿ ನೋಡುತ್ತೇವೆ, ಒಳಮಗ್ಗುಲನ್ನೂ ನೋಡುತ್ತೇವೆ, ಯಾವುದಕ್ಕೆ ಎಷ್ಟು ಮಾರ್ಕು ಅಂತ ಇವತ್ತೇ ಬೋರ್ಡಿನ ಮೇಲೆ ಬರೆಯುತ್ತೇನೆ, ಎರಡೂ ದಡಕ್ಕೆ ಅದೇ ಲೆಕ್ಕ, ಹೊಸ ತೋಳು ಎಲ್ಲರೂ ಸೇರಿ ಕಲಿಯೋಣ ಅಂದಳು. ಸೊಸೆ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು.

ಬಾಯಿಬಡುಕಿ ಅಂತ ಹೆಸರಾದವಳು ಎದ್ದು ನಿಂತಳು. ಎಲ್ಲರ ಮನಸ್ಸಿನಲ್ಲಿದ್ದದ್ದು ಅವಳ ಬಾಯಿಗೆ ಬಂತು.

"ಸೊಸೆಗೋಸ್ಕರ ರೂಲ್ಸ್ ಬದಲಾಯ್ತಾ ಟೀಚರ್?"

ಇಂಚಮ್ಮನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಆದರೆ ಈ ಪ್ರಶ್ನೆ ಬರುತ್ತದೆಂದು ಗೊತ್ತಿದ್ದೇ ಬಂದಿದ್ದಳು.

"ಅವಳ ಶರ್ಟಿಂದಾನೇ ನಂಗೆ ಗೊತ್ತಾಗಿದ್ದು, ಅದನ್ನ ಮುಚ್ಚಿಡಲ್ಲ," ಅಂದಳು. "ನಿಂಗೆ ಅನುಮಾನ ಇದ್ರೆ ನನ್ನ ಮಾತು ನಂಬಬೇಡ. ಈ ಶರ್ಟು ಹಾಕ್ಕೋ, ಕೈ ಎತ್ತು. ಮಾರ್ಕು ಹಾಕೋದು ನಾನಲ್ಲ, ಆಚೆದಡದ ಮಾಸ್ಟರ್. ಅವರಿಗೆ ಇವಳೂ ಗೊತ್ತಿಲ್ಲ, ನೀನೂ ಗೊತ್ತಿಲ್ಲ."

ಬಾಯಿಬಡುಕಿ ಬಿಡುವ ಜಾತಿಯಲ್ಲ. ಬಂದಳು, ತನ್ನ ಬಟ್ಟೆಯ ಮೇಲೆಯೇ ಬಿಳಿ ಶರ್ಟು ತೊಟ್ಟಳು, ಬೋರ್ಡಿನ ತುದಿಯಲ್ಲಿದ್ದ ಅಕ್ಷರ ಒರೆಸಲು ಹೋದಳು. ಶರ್ಟು ಪಕ್ಕೆಯವರೆಗೆ ಏರಿತು. ಇನ್ನೂ ಅನುಮಾನ ತೀರದೆ ಸೊಸೆ ಹೊಲಿದದ್ದನ್ನು ಹಾಕಿ ಮತ್ತೆ ಒರೆಸಿದಳು, ಅದು ಕದಲಲಿಲ್ಲ. ಆಮೇಲೆ ತಾನೇ ಹೊಲಿದದ್ದನ್ನು ಹಾಕಿ ಒರೆಸಿದಳು, ಅದೂ ಏರಿತು. ಅಯ್ಯೋ, ನಂದೂ ಹೋಯ್ತಲ್ಲ ಅಂತ ಅವಳು ರಾಗ ಎಳೆದಾಗ ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ಇಂಚಮ್ಮನೂ ನಕ್ಕಳು, ಅವಳ ಕಣ್ಣಲ್ಲಿ ನೀರಿತ್ತು. ಮೂರು ಸಲ ಒರೆಸಿಕೊಂಡ ಬೋರ್ಡು ಅಷ್ಟು ಚೊಕ್ಕಟವಾಗಿ ಹಿಂದೆಂದೂ ಇರಲಿಲ್ಲ. ಅದರ ಮೇಲೆ ಇಂಚಮ್ಮ ಹೊಸ ಲೆಕ್ಕ ಬರೆದಳು.

ಹಿಂದಿನ ಫಲಿತಾಂಶವನ್ನೂ ತಿದ್ದೋಣ ಅಂತ ಅವಳು ಹಟ ಹಿಡಿದು ನೋಡಿದಳು. ಅದು ದೊಡ್ಡ ಆಫೀಸಿಗೆ ಹೋಗಿ ಮಲಗಿದೆ, ಇನ್ನು ಯಾರು ಕೂಗಿದರೂ ಏಳುವುದಿಲ್ಲ ಅಂದರು ಪ್ರಿನ್ಸಿಪಾಲ್ ಮೇಡಂ. ಆ ಬೇಸರ ಉಳಿದೇ ಹೋಯಿತು. ಅದರ ಸಿಟ್ಟನ್ನೆಲ್ಲ ಮುಂದಿನ ಕೆಲಸದ ಮೇಲೆ ತೀರಿಸಿಕೊಂಡಳು. ಮಾಸ್ಟರ್ ಆಗಾಗ ಸೇತುವೆ ದಾಟಿ ಬಂದರು, ಅವಳು ಆಗಾಗ ದಾಟಿ ಹೋದಳು. ಇಬ್ಬರೂ ಒಂದೇ ಶರ್ಟಿಗೆ ಬೇರೆ ಬೇರೆ ಕೂತು ಮಾರ್ಕು ಹಾಕುವುದು, ಆಮೇಲೆ ಜಗಳವಾಡುವುದು. ಸೊಟ್ಟ ಕಾಜಾ ಅಂದರೆ ಎಷ್ಟು ಸೊಟ್ಟ? ಶರ್ಟು ಮೇಲೆ ಬಂತು ಅಂದರೆ ಎಷ್ಟು ಬಂದರೆ ತಪ್ಪು? ಒಂದೊಂದು ಮಾತಿಗೂ ಟೇಪು ಹಿಡಿದು ಕೂತರು. ದಿನ ಕಳೆದ ಹಾಗೆ ಜಗಳ ಕಡಿಮೆಯಾಯಿತು, ಇಬ್ಬರ ಮಾರ್ಕಿನ ನಡುವಿನ ಅಂತರವೂ ಕಡಿಮೆಯಾಯಿತು. ಕೊನೆಯ ಸಲ ಕೂತಾಗ ಎಲ್ಲ ಶರ್ಟಿಗೂ ಒಂದೆರಡು ಮಾರ್ಕಿನ ಆಚೀಚೆ ಬಂತು. ಇನ್ನು ಜಗಳವಾಡೋಕೆ ಏನೂ ಉಳಿಯಲಿಲ್ಲವಲ್ಲ ಅಂತ ಮಾಸ್ಟರ್ ಬೇಸರಪಟ್ಟರು.

ಸೊಸೆ ಮನೆಯಲ್ಲಿ ಹಳೆಯ ಬಟ್ಟೆಯ ಚೂರುಗಳ ಮೇಲೆ ಕಾಜಾ ಹಾಕುತ್ತಾ ಕೂರುತ್ತಿದ್ದಳು. ಇಂಚಮ್ಮ ಅದಕ್ಕೆ ಕೈ ಹಾಕಲಿಲ್ಲ, ತಿದ್ದಲಿಲ್ಲ. ತರಗತಿಯಲ್ಲಿ ಎಲ್ಲರಿಗೆ ಹೇಳಿದ್ದಷ್ಟೇ ಅವಳಿಗೂ. ಎದುರಿಗೆ ಕಾಜಾ ಸೊಟ್ಟ ಹೋಗುತ್ತಿದ್ದರೂ ನಾಲಿಗೆ ಕಚ್ಚಿಕೊಂಡು ಕೂರುವುದು ಅವಳ ಆಯಸ್ಸಿನಲ್ಲೇ ಕಷ್ಟದ ಕೆಲಸವಾಗಿತ್ತು.

ಪರೀಕ್ಷೆ ಮುಗಿದ ದಿನ ಶರ್ಟಿನ ಗಂಟುಗಳು ಸೇತುವೆಯ ಮೇಲೆ ಅದಲುಬದಲಾದವು. ಆಚೆದಡದ ಶರ್ಟುಗಳು ಇಂಚಮ್ಮನ ಮೇಜಿಗೆ ಬಂದವು. ಅಭ್ಯಾಸದಂತೆ ಹೊಲಿಗೆಯ ತುದಿಯನ್ನು ಬೆರಳಲ್ಲಿ ಸವರಿದಳು, ಒಂದೂ ಗುರುತಾಗಲಿಲ್ಲ. ಯಾರು ಬಾಯಿ ಜೋರು, ಯಾರ ಅಪ್ಪ ಯಾರು, ಯಾರು ಕಳೆದ ವಾರ ಎದುರುತ್ತರ ಕೊಟ್ಟರು, ಏನೂ ಗೊತ್ತಿಲ್ಲ. ಬರೀ ಶರ್ಟು. ಮೊದಲು ಕತ್ತಲಲ್ಲಿ ತಡಕಾಡಿದ ಹಾಗಾಯಿತು, ಆಮೇಲೆ ನಿಧಾನವಾಗಿ ತಲೆಯ ಮೇಲಿನ ಹೊರೆ ಇಳಿದ ಹಾಗಾಯಿತು. ಎರಡೂ ಕಡೆಯ ಕೆಲವು ಶರ್ಟುಗಳನ್ನು ಇಬ್ಬರೂ ನೋಡಬೇಕೆಂದು ಗೊತ್ತುಮಾಡಿದ್ದರು. ಸೊಸೆಯದು ಅದರಲ್ಲಿ ಬೇಡ ಅಂತ ಇಂಚಮ್ಮ ಮೊದಲೇ ಹೇಳಿದ್ದಳು.

ಫಲಿತಾಂಶ ಓದಲು ಪ್ರಿನ್ಸಿಪಾಲ್ ಮೇಡಂ ಹೊಲಿಗೆ ಕೋಣೆಗೇ ಬಂದರು. ಇಂಚಮ್ಮ ಕಿಟಕಿಯ ಹತ್ತಿರ ಖಾಲಿ ಸರಳು ಹಿಡಿದು ನಿಂತಿದ್ದಳು. ಎಲ್ಲರ ಮುಂದೆ ನಿಂತು ಪ್ರಶ್ನೆ ಕೇಳಿದ ಬಾಯಿಬಡುಕಿಯೇ ಮೊದಲು, ಕೋಣೆ ಹಾರಿಹೋಗುವ ಹಾಗೆ ಕೂಗಿಕೊಂಡಳು. ಒಂದೊಂದೇ ಹೆಸರು ಬರುತ್ತಾ ಹೋಯಿತು, ಸೊಸೆಯದು ಬರಲಿಲ್ಲ. ಅರ್ಧ ಓದಿ ಮುಗಿದ ಮೇಲೆ ಅವಳ ಹೆಸರು ಬಂತು. ಪಾಸು. ತೋಳಿಗೆ ಪೂರ್ತಿ, ಕಾಲರಿಗೆ ಪೂರ್ತಿ, ಕಾಜಾಕ್ಕೆ ಮಾತ್ರ ಮಾಸ್ಟರ್ ಕೈ ಬಿಗಿ ಹಿಡಿದಿದ್ದರು. ಸೊಸೆ ಎದ್ದು ನಿಂತವಳು ಕೂರುವುದನ್ನೇ ಮರೆತಳು. ಇಂಚಮ್ಮ ಕಿಟಕಿಯ ಕಡೆ ತಿರುಗಿ ಮೂಗು ಒರೆಸಿಕೊಂಡಳು.

ಇಬ್ಬರೂ ಒಟ್ಟಿಗೇ ಮನೆಗೆ ಹೊರಟರು. ಶಾಲೆಯ ಗೇಟು ದಾಟಿದ ಮೇಲೆ ಸೊಸೆ ಕೇಳಿದಳು.

"ನೀವೇ ನೋಡಿದ್ರೆ ನಂಗೆ ಎಷ್ಟು ಹಾಕ್ತಿದ್ರಿ ಅತ್ತೆ?"

ಇಂಚಮ್ಮ ಕೊರಳಿನ ಟೇಪು ತೆಗೆದು ಚೀಲಕ್ಕೆ ಹಾಕಿದಳು. ಸುಳ್ಳು ಹೇಳಬಹುದಿತ್ತು, ಕೇಳುವವಳಿಗೂ ಖುಷಿಯಾಗುತ್ತಿತ್ತು.

"ಗೊತ್ತಿಲ್ಲ ಕಣಮ್ಮ," ಅಂದಳು. "ಹೋದ ಸಲ ಸರಿಯಾಗಿ ಹಾಕಿದ್ನಾ ಅಂತಾನೂ ಗೊತ್ತಿಲ್ಲ. ಅದಕ್ಕೇ ನಾನು ಹಾಕ್ಲಿಲ್ಲ."

ಸೊಸೆ ಅತ್ತೆಯ ಕೈಯಿಂದ ಚೀಲ ತೆಗೆದುಕೊಂಡಳು. ಅಪ್ಪ ಏಣಿ ಮೇಲೆ ನಿಂತು ಬಣ್ಣ ಬಳಿಯುವಾಗ ಶರ್ಟು ಮೇಲೇರಿ ಬೆನ್ನಿಗೆಲ್ಲ ಸುಣ್ಣದ ನೀರು ಬೀಳುತ್ತಿತ್ತು, ಚರ್ಮ ಸುಟ್ಟುಹೋಗುತ್ತಿತ್ತು, ಅದಕ್ಕೇ ಆ ತೋಳು ಕಂಡುಕೊಂಡೆ ಅಂತ ಅವತ್ತು ಮೊದಲ ಸಲ ಹೇಳಿದಳು. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಅಂತ ಇಂಚಮ್ಮ ಕೇಳಲಿಲ್ಲ. ಹೇಳಲು ಬಂದಾಗ ಯಾರು ಬಾಯಿ ಮುಚ್ಚಿಸಿದ್ದು ಅಂತ ಚೆನ್ನಾಗಿ ನೆನಪಿತ್ತು.

ಮನೆಗೆ ಬಂದವಳೇ ಇಂಚಮ್ಮ ಬೀರು ತೆಗೆದು, ಮಗನ ಹೊಸ ಯೂನಿಫಾರಂ ಬಟ್ಟೆಯನ್ನು ಸೊಸೆಯ ಮುಂದಿಟ್ಟಳು. ಆ ಬಟ್ಟೆಗೆ ಇದುವರೆಗೆ ಯಾರ ಕತ್ತರಿಯನ್ನೂ ಬಿಟ್ಟವಳಲ್ಲ. ತೋಳು ನೀನು ಕತ್ತರಿಸು, ನಾನು ಪಕ್ಕದಲ್ಲಿ ಕೂತು ನೋಡ್ತೀನಿ, ಕಾಜಾ ಮಾತ್ರ ನಾನು ಹಾಕಿಕೊಡ್ತೀನಿ ಅಂದಳು. ಕಾಜಾದ ಮಾತಿಗೆ ಸೊಸೆ ಮುಖ ಊದಿಸಿಕೊಂಡಳು. ಆಮೇಲೆ ಇಬ್ಬರೂ ನಕ್ಕರು.

ಸೊಸೆ ವರ್ಕ್‌ಶಾಪಿಗೆ ಸೇರಿದ ವಾರದಲ್ಲೇ ಮಗ ಆ ಶರ್ಟು ತೊಟ್ಟು ಕೆಲಸಕ್ಕೆ ಹೋದ. ಸಂಜೆ ಅವನ ಹೆಜ್ಜೆ ಸದ್ದು ಕೇಳಿದ್ದೇ ಇಂಚಮ್ಮ ಮಾಡುತ್ತಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬಂದಳು. ಅಭ್ಯಾಸ ಅನ್ನುವುದು ಸುಮ್ಮನಿರುವುದಿಲ್ಲ, ಬೈಯಲು ಬಾಯಿಯೂ ತೆರೆದಿತ್ತು. ಶರ್ಟು ಬೆಳಿಗ್ಗೆ ಸಿಕ್ಕಿಸಿದ ಹಾಗೇ ಒಳಗಿತ್ತು. ಮಗ ಕೈ ಎತ್ತಿ ಬ್ಯಾಗು ಗೂಟಕ್ಕೆ ಹಾಕಿದ. ಆಗಲೂ ಒಳಗೇ ಇತ್ತು. ಅವನು ತಿರುಗಿ, ಇವತ್ತೇನಮ್ಮ ಬೈಯೋಲ್ವಾ ಅಂತ ಕೇಳಿದ.

ಇಂಚಮ್ಮ ಅವನ ಹತ್ತಿರ ಹೋಗಿ ತೋಳಿನ ಹೊಲಿಗೆಯನ್ನು ಬೆರಳಲ್ಲಿ ಸವರಿದಳು.

"ಸ್ಕೂಲಿಗೆ ಹೋಗುವಾಗಿಂದ ಬೈದೆ ಅಲ್ವೇನೋ," ಅಂದಳು. "ತಪ್ಪು ನಿಂದಲ್ಲ ಮಗನೇ. ನನ್ನ ತೋಳಿಂದು."